ಹೇಳಿಕೊಟ್ಟ ಮೂವತ್ತೆರಡು

ಮಳವಳ್ಳಿ
10 ಜೂನ್ 2024

ಮಗಳು ಅರುಂಧತಿಗೆ, ನಿನ್ನ ಅಪ್ಪ ಹುಚ್ಚೀರಯ್ಯ ಗಂಟಲು ಸರಿಮಾಡಿಕೊಂಡು ಹೇಳುವುದೇನೆಂದರೆ,

ನಾನು ಕ್ಷೇಮ, ನಿನ್ನವ್ವ ಚಿಕ್ಕಲಕ್ಷ್ಮಮ್ಮ ಕ್ಷೇಮ. ನನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅದರ ಹಿಂದೆಯೇ ಹೊರಟು ನಿಂತಿದೆ. ಮೂವತ್ತು ವರ್ಷ ಹಾರ್ಮೋನಿಯಂ ಮುಂದೆ ಕೂತು, ಗಾಡಿ ಹೊಡೆಯುವವರಿಗೂ ಗದ್ದೆ ಉಳುವವರಿಗೂ ರಾಜರ ಪಾರ್ಟು ಕಲಿಸಿ, ಮೈಕಿನ ಬಾಯಿಗೆ ಕಿವಿ ಕೊಟ್ಟು ಬದುಕಿದವನಿಗೆ ಇನ್ನೇನು ಆಗಬೇಕು. ಫೋನಿನಲ್ಲಿ ನಿನ್ನ ದನಿ ಡಬ್ಬಿಯೊಳಗಿನ ದುಂಬಿಯ ಹಾಗೆ ಕೇಳುತ್ತದೆ. ಆದ್ದರಿಂದ ಕಾಗದವನ್ನೇ ಬರಿ.

ಹಿಂದಿನ ಕಾಗದ ಓದಿದೆ. ಸನ್ನದು ಪಡೆದು ಮಂಡ್ಯದ ಶೋಭಾರಾಣಿ ಮೇಡಂ ಆಫೀಸಿಗೆ ಸೇರಿ ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ನೀನು ಕೋರ್ಟಿನಲ್ಲಿ ಆಡಿದ ಮಾತು ಒಂದೇ: "ನಮ್ಮ ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ವಾಯಿದೆ ಕೊಡಬೇಕು." ಇದು ಯಾವ ಪಾರ್ಟು ಕಣವ್ವ? ನನ್ನ ನಾಟಕದಲ್ಲಿ ಬಾಗಿಲು ಕಾಯುವವನಿಗೂ ಇದಕ್ಕಿಂತ ಎರಡು ಮಾತು ಜಾಸ್ತಿ ಕೊಟ್ಟಿದ್ದೇನೆ. ಟೀ ಅಂಗಡಿ ಮಹದೇವಸ್ವಾಮಿ ನನ್ನ ಬಲಗಿವಿಗೆ ಬಾಯಿಟ್ಟು ಕೇಳುತ್ತಾನೆ, "ಏನ್ ಮೇಷ್ಟ್ರೇ, ಮಗ್ಳು ಲಾಯರ್ ಆದ್ಲಲ್ಲ, ಯಾರ್ನ ಒಳಕ್ ಆಕ್ಸಿದ್ಲು?" ಅಂತ. "ನಿನ್ನೇ ಕಣ್ಲಾ ಮೊದ್ಲು, ಆಲಿಗೆ ನೀರು ಬೆರ್ಸಿದ್ಕೆ" ಅಂದೆ. ಅಂಗಡಿಯಲ್ಲಿದ್ದವರು ನಕ್ಕರು. ಅವನು ನಗಲಿಲ್ಲ.

ಒಂಬತ್ತನೆ ವಯಸ್ಸಿಗೇ ಪರದೆಯ ಮರೆಯಲ್ಲಿ ನಾಟಕದ ಪುಸ್ತಕ ಹಿಡಿದು ನಿಂತವಳು ನೀನು. ಮಾತು ಮರೆತು ಬೆವರುವ ರಾಜರಿಗೆ ನೀನು ಮಾತು ಕೊಟ್ಟದ್ದು ಒಂದು ದಿನವೂ ಮುಂದಿನ ಸಾಲಿನಲ್ಲಿ ಕೂತವನಿಗೆ ಕೇಳಿಸಲಿಲ್ಲ. ಅಂಥವಳ ಬಾಯಿಗೆ ಆ ಮೇಡಂ ಯಾಕೆ ಬೀಗ ಹಾಕಿದ್ದಾರೆ? ಕಾರಣ ಬರಿ.

ಇಂತಿ ನಿನ್ನನ್ನು ನೆನೆಯುತ್ತಿರುವ ಅಪ್ಪ,
ಹುಚ್ಚೀರಯ್ಯ, ನಾಟಕದ ಮೇಷ್ಟ್ರು


ಮಂಡ್ಯ
3 ಜುಲೈ 2024

ಅಪ್ಪನಿಗೆ,

ಮೇಡಂ ಬೀಗ ಹಾಕಿಲ್ಲ. ಮೊದಲ ವರ್ಷ ಎಲ್ಲ ಜೂನಿಯರುಗಳಿಗೂ ಇದೇ ಕ್ರಮ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಆ ದಿನದ ಕೇಸುಗಳ ಫೈಲು ಜೋಡಿಸುತ್ತೇನೆ, ಹಾಳೆಗಳಿಗೆ ಪುಟಸಂಖ್ಯೆ ಹಾಕುತ್ತೇನೆ, ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಿ ಕೇಸಿದೆಯೋ ಅಲ್ಲಿಗೆ ಹೋಗಿ ಮೇಡಂ ಹಿಂದೆ ಕೂರುತ್ತೇನೆ. ಒಂದು ನೋಟ್‌ಬುಕ್ಕು ಕೊಟ್ಟಿದ್ದಾರೆ. ಎಡಪುಟದಲ್ಲಿ ವಕೀಲರು ಕೇಳಿದ ಪ್ರಶ್ನೆ, ಬಲಪುಟದಲ್ಲಿ ಸಾಕ್ಷಿ ಹೇಳಿದ ಉತ್ತರ. ಸಂಜೆ ಆಫೀಸಿನಲ್ಲಿ ಮೇಡಂ ಬಲಪುಟವನ್ನು ಕೈಯಿಂದ ಮುಚ್ಚಿ, "ಬರೀ ಪ್ರಶ್ನೆ ನೋಡಿ ಉತ್ತರ ಹೇಳು" ಎನ್ನುತ್ತಾರೆ. ನಾನು ಹೇಳಿಬಿಟ್ಟರೆ, "ಹಾಗಾದ್ರೆ ಉತ್ತರ ಪ್ರಶ್ನೇಲೇ ಇದೆ, ಇದನ್ನ ನಿನ್ನ ಸಾಕ್ಷಿಗೆ ಯಾವತ್ತೂ ಕೇಳಬೇಡ" ಎಂದು ಪುಟ ತಿರುಗಿಸುತ್ತಾರೆ. ನನಗಿಂತ ಎರಡು ವರ್ಷ ಮೊದಲು ಸೇರಿದ ಸ್ವರೂಪ್ ಇದನ್ನು "ಮೇಡಂ ಕಣಿ ಕೇಳೋ ಹೊತ್ತು" ಅನ್ನುತ್ತಾನೆ.

ಈಗ ಒಂದು ಕೆಲಸ ನನ್ನ ಪಾಲಿಗೆ ಬಂದಿದೆ. ಗೆಜ್ಜಲಗೆರೆ ಹತ್ತಿರದ ಬೆಳ್ಳಮ್ಮ ಎಂಬುವರ ದಾವೆ. ವಯಸ್ಸು ಐವತ್ತೈದರ ಮೇಲೆ, ಗಂಡ ಇಲ್ಲ, ಮಗ ಮಹದೇವು ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದಾನೆ. ಅವರಿಗೆ ಮೂವತ್ತು ಗುಂಟೆ ಜಮೀನು. ಅದಕ್ಕೆ ಹೋಗುವ ದಾರಿ ಪಕ್ಕದ ಶಿವರಾಜುವಿನ ಹೊಲದ ಬದಿಯಲ್ಲಿದೆ. ಹೋದ ವರ್ಷ ಶಿವರಾಜು ಕಲ್ಲುಕಂಬ ನೆಟ್ಟು ತಂತಿ ಎಳೆದ. ಈಗ ಬೆಳ್ಳಮ್ಮ ಹುಲ್ಲಿನ ಹೊರೆ ಹೊತ್ತು ನಾಲೆ ಏರಿಯ ಮೇಲೆ ಸುತ್ತಿ ಬರುತ್ತಾರೆ. ಹೊಲಕ್ಕೆ ಟ್ರಾಕ್ಟರ್ ಹೋಗುವುದಿಲ್ಲ, ಕಬ್ಬು ಆಚೆ ಬರುವುದಿಲ್ಲ. ದಾರಿ ಸಿಗದಿದ್ದರೆ ಅದನ್ನು ಮಾರಬೇಕು. ಕೊಳ್ಳುವವನು ಶಿವರಾಜು ಒಬ್ಬನೇ.

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಾರ ಅಡ್ಡಿಯೂ ಇಲ್ಲದೆ ಓಡಾಡಿದ್ದಾರೆ ಎಂದು ತೋರಿಸಿದರೆ ದಾರಿ ಉಳಿಯುತ್ತದೆ. ಮಹದೇವುವಿನ ಶಾಲೆಯ ಟಿ.ಸಿ. ನೋಡಿದೆ, ಅವನಿಗೆ ಮೂವತ್ತೊಂದು. ಮದುವೆಯಾದ ಮರುವರ್ಷವೇ ಮಗ ಹುಟ್ಟಿರಬೇಕೆಂದು ಅದಕ್ಕೆ ಒಂದು ಸೇರಿಸಿ, ಓಡಾಡಿದ್ದು ಮೂವತ್ತೆರಡು ವರ್ಷ ಎಂದು ಬರೆದೆ. ಅದೇ ದಾವೆಯಲ್ಲೂ ಅವರ ಮುಖ್ಯ ವಿಚಾರಣೆಯ ಅಫಿಡವಿಟ್ಟಿನಲ್ಲೂ ಇದೆ. ಮುಂದಿನ ತಿಂಗಳು ಮದ್ದೂರಿನಲ್ಲಿ ಅವರ ಪಾಟೀ ಸವಾಲು, ಎದುರು ವಕೀಲರು ಅವರನ್ನು ಪ್ರಶ್ನಿಸುತ್ತಾರೆ. ಮೇಡಂ, "ಕೂತು ಮಾತಾಡ್ಸು, ಅವರಿಗೆ ಏನೇನು ಗೊತ್ತು ತಿಳ್ಕೋ" ಎಂದು ಕಳಿಸಿದ್ದಾರೆ. ಆದರೆ ಬೆಳ್ಳಮ್ಮನಿಗೆ ಸಂಖ್ಯೆ ನಿಲ್ಲುವುದೇ ಇಲ್ಲ. ಒಂದು ಸಲ ಇಪ್ಪತ್ತು ಅನ್ನುತ್ತಾರೆ, ಇನ್ನೊಂದು ಸಲ ಐವತ್ತು. ನಿನಗೆ ಇಂಥವರು ಬೇಕಾದಷ್ಟು ಜನ ಸಿಕ್ಕಿರಬೇಕು.

ಅರುಂಧತಿ


ಮಳವಳ್ಳಿ
11 ಜುಲೈ 2024

ಮಗಳೆ,

ಕೊನೆಗೂ ನನ್ನ ಕಸುಬಿಗೆ ಬಂದೆ. ಕೇಳು. ಅಕ್ಷರ ಗೊತ್ತಿಲ್ಲದ ಬೆರಳಿಗೆ ಸಾಮ್ರಾಜ್ಯದ ಉಂಗುರ ತೊಡಿಸಿದವನು ನಾನು. ಹೆಬ್ಬೆಟ್ಟು ಒತ್ತುವ ಜನ ನನ್ನ ಕೈಯಲ್ಲಿ ಮುನ್ನೂರು ಸಾಲು ತಪ್ಪಿಲ್ಲದೆ ಆಡಿದ್ದಾರೆ.

ಮೊದಲು ಆಕೆಯನ್ನು ಕೂರಿಸಬೇಡ, ನಡೆಸು. ಕೂತರೆ ಮಾತು ಹೊಟ್ಟೆಗೆ ಇಳಿಯುತ್ತದೆ. ನಡೆಯುತ್ತಾ ಮಾತಿಗೊಂದು ಹೆಜ್ಜೆ ಹಾಕಿಸು: ಮೂವತ್ತು, ಎರಡು, ವರ್ಷ. ಬಲಗಾಲು, ಎಡಗಾಲು, ಬಲಗಾಲು. ದಿನಕ್ಕೆ ಹತ್ತು ಸಲ, ನಾಲ್ಕು ದಿನ. ಐದನೆ ದಿನ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾಳೆ. ಅಷ್ಟಾದರೂ ಜನ ಕಂಡಾಗ ಬಾಯಿ ಒಣಗಿದರೆ ನಿನ್ನ ಕಡೆ ನೋಡುತ್ತಾಳೆ. ಆಗ ಪೂರ್ತಿ ಮಾತು ಕೊಡಬೇಡ. ಮೊದಲಕ್ಷರ ಕೊಡು, ಸಾಕು. ಮಿಕ್ಕದ್ದು ಹಗ್ಗ ಹಿಡಿದ ಹಸುವಿನ ಹಾಗೆ ಹಿಂದೆಯೇ ಬರುತ್ತದೆ. ಇದು ನಿನಗೆ ನಾನು ಹೇಳಬೇಕೇ?

ನಿನ್ನವ್ವ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ. ಬಸ್ಸಿನವರ ಕೈಲಿ ಕಳಿಸಲೋ, ನೀನೇ ಬರುತ್ತೀಯೋ?

ನಿನ್ನ ಗೆಲುವಿಗೆ ಕಾದಿರುವ,
ಹುಚ್ಚೀರಯ್ಯ


ಮಂಡ್ಯ
8 ಆಗಸ್ಟ್ 2024

ಅಪ್ಪನಿಗೆ,

ಮೊನ್ನೆ ಆರನೆ ತಾರೀಖು ಮದ್ದೂರಿನಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳ್ಳಮ್ಮ ಕಟಕಟೆ ಹತ್ತಿದರು. ಶಿವರಾಜುವಿನ ಪರ ವಕೀಲರು ಬೋರಯ್ಯನವರು, ಹಳಬರು, ಆತುರವಿಲ್ಲದವರು. ಮನೆ, ಮಗ, ಹಸು ಎಲ್ಲ ವಿಚಾರಿಸಿ ಆಮೇಲೆ, "ಆ ದಾರೀಲಿ ಎಷ್ಟು ವರ್ಷದಿಂದ ಓಡಾಡ್ತಿದ್ದೀಯಮ್ಮ?" ಅಂದರು. ಬೆಳ್ಳಮ್ಮ ತುಟಿ ಒದ್ದೆ ಮಾಡಿಕೊಂಡು ನನ್ನ ಕಡೆ ನೋಡಿದರು. ನಾನು ಮೂರಡಿ ದೂರದಲ್ಲಿದ್ದೆ. "ಮೂ" ಅಂದೆ.

ಅನ್ನಬೇಕೆಂದು ತೀರ್ಮಾನಿಸಿ ಅಂದದ್ದಲ್ಲ. ಬಾಯಿ ತಾನೇ ಅಂದಿತು.

"ಮೂವತ್ತೆಲ್ಡು ವರ್ಸ ಸ್ವಾಮಿ" ಎಂದು ಬೆಳ್ಳಮ್ಮ ಕೋರ್ಟ್ ಹಾಲಿನ ಆಚೆಗೂ ಕೇಳುವ ಹಾಗೆ ಹೇಳಿದರು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, "ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿದರು. ಬೆಳ್ಳಮ್ಮ ಅದೂ ತಮಗೇ ಕೇಳಿದ ಪ್ರಶ್ನೆ ಎಂದುಕೊಂಡರು. "ನಮ್ ವಕೀಲಮ್ಮ ಸ್ವಾಮಿ. ನಂಗೆ ಮರ್ತೋಗಿತ್ತು. ಒಳ್ಳೇ ಉಡ್ಗಿ, ನಾಕ್ ದಿನ ಜೊತೇಲಿ ನಡ್ಕಂಡು ಏಳ್ಕೊಟ್ಳು." ಹಾಲಿನಲ್ಲಿ ಎಲ್ಲರೂ ನಕ್ಕರು. ನ್ಯಾಯಾಧೀಶರು ನಗದೆ ಅಷ್ಟನ್ನೂ ಬರೆಸಿದರು. ಬೆಳ್ಳಮ್ಮನ ಇಡೀ ಸಾಕ್ಷ್ಯವನ್ನೇ ಕಡತದಿಂದ ತೆಗೆಯಬೇಕೆಂದು ಬೋರಯ್ಯನವರು ಅರ್ಜಿ ಹಾಕಿದ್ದಾರೆ. ತೆಗೆದರೆ ದಾವೆ ಹೋಯಿತು.

ಮದ್ದೂರಿನಿಂದ ಮಂಡ್ಯಕ್ಕೆ ಮೇಡಂ ಕಾರಿನಲ್ಲಿ ಬಂದೆವು. ಇಳಿಯುವಾಗ ಹೇಳಿದರು: "ನಾಳೆಯಿಂದ ಕೋರ್ಟಿಗೆ ಬರಬೇಡ. ಆ ಅರ್ಜಿಗೆ ಉತ್ತರವಾಗಿ ನಿನ್ನ ಅಫಿಡವಿಟ್ ಬೇಕು. ನೀನೇ ಬರಿ. ಏನು ಬರೀಬೇಕು ಅಂತ ನಾನು ಹೇಳಲ್ಲ."

ಸ್ವರೂಪ್ ಹೇಳುತ್ತಾನೆ: "ಕೆಮ್ಮು ಬಂತು ಅಂತ ಬರ್ದ್‌ಬುಡು. ಆಯಮ್ಮ ಏಳಿದ್ದು ಆಫೀಸಿನ್ ಮಾತು, ಕೋರ್ಟಲ್ಲಿ ಗಾಬ್ರಿಯಾಗಿ ಕಲಸ್ಕಂಡ್ಲು ಅನ್ನು. ಯಾರೂ ರೆಕಾರ್ಡ್ ಮಾಡ್ಕಂಡಿಲ್ಲ."

ಅರುಂಧತಿ


ಮಳವಳ್ಳಿ
14 ಆಗಸ್ಟ್ 2024

ಮಗಳೆ,

ಆ ಸ್ವರೂಪ್ ಯಾರ ಮಗನೋ ಬುದ್ಧಿವಂತ. ಕೆಮ್ಮು ಅಂತಲೇ ಬರಿ. ಬೇಕಾದರೆ ನಾನೇ ಮದ್ದೂರಿಗೆ ಬಂದು, ಇವಳು ಹುಟ್ಟಿದಾರಭ್ಯ ಕೆಮ್ಮುತ್ತಿದ್ದಾಳೆ ಎಂದು ಎಂಟೂ ದಿಕ್ಕಿಗೆ ಕೇಳುವಂತೆ ಸಾರುತ್ತೇನೆ. ಮುದುಕಿ ಗಲಿಬಿಲಿಯಾದಳು ಅನ್ನು. ಮುದುಕರು ಗಲಿಬಿಲಿಯಾಗುವುದನ್ನು ಯಾರು ಬೇಡವೆನ್ನುತ್ತಾರೆ? ನೀನು ಐದು ವರ್ಷ ಓದಿದ್ದು ಒಂದಕ್ಷರಕ್ಕೆ ಹೋಗಬಾರದು.

ರಂಗದ ಮೇಲೆ ಕಿರೀಟ ಬಿದ್ದರೆ ಅದನ್ನೂ ಕಥೆಯ ಭಾಗ ಮಾಡಿಕೊಂಡು ಆಡಬೇಕು. ನಾನು ಎಷ್ಟು ಸಲ ಆಡಿಸಿಲ್ಲ?

ಇನ್ನೊಂದು. ಹೆಜ್ಜೆ ಹಾಕಿಸಿದ್ದು, ಮೊದಲಕ್ಷರ, ನನ್ನ ಕಾಗದ, ಇದ್ಯಾವುದನ್ನೂ ಎಲ್ಲೂ ಎತ್ತಬೇಡ. ಅದು ಮನೆಯ ಮಾತು.

ಹುಚ್ಚೀರಯ್ಯ


ಮಳವಳ್ಳಿ
21 ಸೆಪ್ಟೆಂಬರ್ 2024

ಅರುಂಧತಿ,

ಕಾಗದವಿಲ್ಲ. ಗೌರಿ ಹಬ್ಬಕ್ಕೂ ಬರಲಿಲ್ಲ. ನಿನ್ನವ್ವ ಬಳೆ ತಂದಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು. ಕೊನೆಗೆ ನನ್ನ ಎದುರು ಕೂತು, "ಅವ್ಳಿಗೆ ಏನ್ ಬರ್ದ್ರಿ ನೀವು?" ಅಂದಳು. ತುಟಿ ನೋಡಿಯೇ ತಿಳಿಯಿತು. ಕಿವಿ ಕೇಳಿಸದವನ ಹಾಗೆ ಕೂತಿದ್ದೆ.

ಇಲ್ಲಿ ಹೇಳುವಂಥದ್ದೇನಿಲ್ಲ. ಕೊತ್ತತ್ತಿ ಊರಿನವರು ನಾಟಕ ಕಲಿಸಲು ಕರೆದಿದ್ದರು. ಕಿವಿಯ ನೆಪ ಹೇಳಿ ಕಳಿಸಿದೆ.

ಏನು ಬರೆದುಕೊಟ್ಟೆ ಎಂದು ಒಂದು ಸಾಲು ತಿಳಿಸಿದರೆ ಸಾಕು.

ಅಪ್ಪ


ಮಂಡ್ಯ
18 ಅಕ್ಟೋಬರ್ 2024

ಅಪ್ಪನಿಗೆ,

ಕೆಮ್ಮು ಎಂದು ಒಂದು ಅಫಿಡವಿಟ್ಟು ಟೈಪು ಮಾಡಿದ್ದೆ. ಎರಡು ವಾರ ನನ್ನ ಚೀಲದಲ್ಲೇ ಇತ್ತು. ಆ ನಡುವೆ ದಾರಿಯ ಫೋಟೊ ತೆಗೆಯಲು ಗೆಜ್ಜಲಗೆರೆಗೆ ಹೋಗಬೇಕಾಯಿತು. ಬೆಳ್ಳಮ್ಮ ತಲೆಯ ಮೇಲೆ ಹೊರೆ ಹೊತ್ತು ನಾಲೆ ಏರಿಯ ಮೇಲಿಂದ ಬಂದರು. ನನ್ನನ್ನು ಕಂಡು ಹೊರೆ ಇಳಿಸದೆಯೇ, "ನನ್ನಿಂದ ನಿಂಗೆ ಬೈಗುಳ ಆಯ್ತಂತಲ್ಲ ಮಗ, ನಾನು ಬಾಯ್ ಮುಚ್ಕಂಡಿರ್ಬೇಕಾಗಿತ್ತು" ಅಂದರು. ಗಲಿಬಿಲಿಯಾದವರ ಮಾತಿನ ಹಾಗೆ ಇರಲಿಲ್ಲ.

ಮಂಡ್ಯಕ್ಕೆ ಬಂದು ಬೇರೆ ಬರೆದೆ. ಅದರಲ್ಲಿರುವುದು ಇಷ್ಟು:

"ನಾನು ಮಳವಳ್ಳಿಯ ನಾಟಕದ ಮೇಷ್ಟ್ರು ಹುಚ್ಚೀರಯ್ಯನವರ ಮಗಳು. ಒಂಬತ್ತನೆಯ ವಯಸ್ಸಿನಿಂದ ಅವರ ನಾಟಕಗಳಲ್ಲಿ ಪರದೆಯ ಹಿಂದೆ ನಿಂತು, ಮಾತು ಮರೆತ ಪಾತ್ರಧಾರಿಗಳಿಗೆ ಮಾತು ಹೇಳಿಕೊಡುತ್ತಿದ್ದೆ. ಆ ಅಭ್ಯಾಸದಿಂದ ಸಾಕ್ಷಿಗೆ 'ಮೂ' ಎಂದು ಹೇಳಿಕೊಟ್ಟಿರುತ್ತೇನೆ. ಅದಕ್ಕೆ ಮೊದಲು ನಾಲ್ಕು ದಿನ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದವಳೂ ನಾನೇ. ಸಾಕ್ಷಿಯು ನ್ಯಾಯಾಲಯಕ್ಕೆ ಹೇಳಿದ್ದು ನಿಜ. ತಪ್ಪು ಆಕೆಯದಲ್ಲ."

ಮೇಡಂ ಓದಿ ಒಂದು ತಾರೀಖು ತಿದ್ದಿದರು, ಅಷ್ಟೇ. ಅದನ್ನು ಕೋರ್ಟಿನಲ್ಲಿ ಎಲ್ಲರೆದುರು ಓದಿದರು. ನಿನ್ನ ಹೆಸರು ಬಂದಾಗ ಒಂದಿಬ್ಬರು ನಕ್ಕರು. ಇದನ್ನು ಬೇರೆಯವರು ನಿನಗೆ ಹೇಳುವ ಮೊದಲು ನಾನು ಹೇಳಬೇಕು. ನಿನ್ನ ಕಾಗದದ ವಿಷಯ ಬರೆದಿಲ್ಲ.

ಆದೇಶ ಆಯಿತು. ಆ ಒಂದು ಉತ್ತರವನ್ನು ಮಾತ್ರ ತೆಗೆದುಹಾಕಿದ್ದಾರೆ. ಡಿಸೆಂಬರ್ ನಾಲ್ಕಕ್ಕೆ ಅದೇ ಪ್ರಶ್ನೆಯಿಂದ ಪಾಟೀ ಸವಾಲು ಮತ್ತೆ ಶುರುವಾಗುತ್ತದೆ. ಇನ್ನೊಮ್ಮೆ ಹೀಗಾದರೆ ನನ್ನ ಮೇಲೆ ವಕೀಲರ ಪರಿಷತ್ತಿಗೆ ಬರೆಯುತ್ತಾರೆ. ಸನ್ನದು ಉಳಿಯುವುದು ಕಷ್ಟ.

ಬೋರಯ್ಯನವರು ಮುಗಿಸಿದ ಮೇಲೆ ನಮ್ಮ ಸಾಕ್ಷಿಯನ್ನು ನಾವೇ ಮತ್ತೆ ಪ್ರಶ್ನಿಸುವ ಮರು ವಿಚಾರಣೆಗೆ ಅವಕಾಶವಿದೆ. ಅದನ್ನು ನೀನೇ ಮಾಡು ಎಂದಿದ್ದಾರೆ ಮೇಡಂ. ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆ ಕೇಳುವ ಹಾಗಿಲ್ಲ. ಅಲ್ಲಿಯವರೆಗೆ ಬೆಳ್ಳಮ್ಮನ ಹತ್ತಿರ ವರ್ಷದ ಮಾತೆತ್ತಬಾರದು ಎಂದೂ ಹೇಳಿದ್ದಾರೆ. ಹಾಗಾಗಿ ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿಲ್ಲ.

ಅವ್ವನಿಗೆ ಬಳೆ ಇಟ್ಟಿರಲು ಹೇಳು.

ಅರುಂಧತಿ


ಮಳವಳ್ಳಿ
4 ನವೆಂಬರ್ 2024

ವಕೀಲೆ ಅರುಂಧತಿಯವರ ಸನ್ನಿಧಾನಕ್ಕೆ,

ತಮ್ಮ ಕಾಗದ ತಲುಪಿತು. ಮೂವತ್ತು ವರ್ಷದಲ್ಲಿ ನಮ್ಮ ಹೆಸರು ನಾಟಕದ ಕರಪತ್ರಗಳಲ್ಲಿ ಕೆಂಪು ಶಾಯಿಯಲ್ಲಿ ಅಚ್ಚಾಗಿದೆ, ಗೋಡೆಗಳ ಮೇಲೆ ಆಳೆತ್ತರಕ್ಕೆ ಬರೆಸಿಕೊಂಡಿದೆ. ಕೋರ್ಟಿನ ಕಡತ ಸೇರಿದ್ದು ಇದೇ ಮೊದಲು. ಕಾಗುಣಿತ ಸರಿಯಾಗಿ ಬರೆದಿದ್ದಾರೆಯೇ, ತಾವು ನೋಡಿ ತಿಳಿಸುವುದು.

ಹುಚ್ಚೀರಯ್ಯ


ಮಳವಳ್ಳಿ
5 ಡಿಸೆಂಬರ್ 2024

ಮಗಳೆ,

ನಿನ್ನೆ ಬೆಳಿಗ್ಗೆ ಒಗೆದ ಪಂಚೆ ಉಟ್ಟು, ನಿನ್ನವ್ವನಿಗೆ ಹಾರ್ಮೋನಿಯಂ ರಿಪೇರಿ ಅಂತ ಹೇಳಿ, ಮದ್ದೂರಿನ ಬಸ್ಸು ಹತ್ತಿದೆ. ಕೋರ್ಟಿನ ಹಾಲಿನಲ್ಲಿ ಕೊನೆಯ ಬೆಂಚು. ನನ್ನ ಮುಂದೆ ಇಬ್ಬರು ದಪ್ಪ ಆಸಾಮಿಗಳಿದ್ದದ್ದು ಅನುಕೂಲವಾಯಿತು, ನಿನಗೆ ನಾನು ಕಾಣಲಿಲ್ಲ. ನನಗೋ ಒಂದು ಶಬ್ದವೂ ಕೇಳಲಿಲ್ಲ. ಕಂಡದ್ದನ್ನು ಬರೆಯುತ್ತೇನೆ.

ಬಿಳಿ ತಲೆಯ ವಕೀಲರು ಎದ್ದು ಏನೋ ಕೇಳಿದರು. ಕಟಕಟೆಯ ಹೆಂಗಸು ನಿನ್ನ ಕಡೆ ತಿರುಗಿದಳು. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ನೀನು ತಲೆ ಬಗ್ಗಿಸಿ ಮೇಜು ನೋಡುತ್ತಿದ್ದೆ. ನ್ಯಾಯಾಧೀಶರು ಅವಳನ್ನು ನೋಡುತ್ತಿರಲಿಲ್ಲ, ನಿನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಎಣಿಸಿದೆ. ಹತ್ತಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ನನ್ನ ನಾಟಕದಲ್ಲಿ ಅಷ್ಟು ಹೊತ್ತು ಮಾತು ನಿಂತಿದ್ದರೆ ಜನ ಶಿಳ್ಳೆ ಹೊಡೆದು ಪರದೆ ಇಳಿಸಿರುತ್ತಿದ್ದರು. ಇಪ್ಪತ್ತೆರಡಕ್ಕೆ ನನ್ನ ಬಾಯಿಗೇ ಆ ಅಕ್ಷರ ಬಂತು. ನುಂಗಿಕೊಂಡೆ.

ಆಮೇಲೆ ಅವಳು ತಲೆ ಅಲ್ಲಾಡಿಸಿದಳು. ಟೈಪಿಸ್ಟು ಒಂದೇ ಸಾಲು ಹೊಡೆದಳು. ಬಿಳಿ ತಲೆಯವರು ಕೂತರು. ಅವರ ಮುಖ ನೋಡಿ, ನಮ್ಮದು ಮುಗಿಯಿತು ಅಂದುಕೊಂಡೆ.

ಆಗ ನೀನು ಎದ್ದೆ. ಕೋಟಿನ ತೋಳು ನಿನಗೆ ಉದ್ದವಾಗಿದೆ. ನೀನು ಆಡಿದ್ದು ಒಂದೇ ಸಾಲು. ಕೈ ಎತ್ತಲಿಲ್ಲ, ಕತ್ತು ತಿರುಗಿಸಲಿಲ್ಲ, ನಾನು ಕಲಿಸಿದ್ದು ಒಂದೂ ಅದರಲ್ಲಿರಲಿಲ್ಲ. ಅಷ್ಟಕ್ಕೆ ಆ ಹೆಂಗಸಿನ ಮೈಗೆ ಏನು ಬಂತೋ. ಕಟಕಟೆಯಿಂದ ಅರ್ಧ ಆಚೆ ಬಂದಳು. ಏನೋ ತೂಗುವವಳ ಹಾಗೆ ಕೈಯಾಡಿಸಿದಳು. ಬಾಗಿಲ ಹತ್ತಿರ ನಿಂತಿದ್ದ ಗಂಡಸಿನ ಕಡೆ ಬೆರಳು ತೋರಿದಳು. ಆತ ನೆಲ ನೋಡಿದ. ನ್ಯಾಯಾಧೀಶರು ಕಡತವನ್ನು ಹಿಂದಕ್ಕೆ, ಹಿಂದಕ್ಕೆ ಮಗುಚಿ ಒಂದು ಕಡೆ ಬೆರಳಿಟ್ಟರು.

ನಾನು ಮಾತಾಡಿಸದೆ ಬಂದುಬಿಟ್ಟೆ. ಮೇಡಂ ಜೊತೆಗಿದ್ದರು, ಅಲ್ಲದೆ ನನ್ನ ಹೆಸರು ಆ ಹಾಲಿಗೆ ಈಗಾಗಲೇ ಗೊತ್ತಿದೆ. ಬಸ್ಸಿನಲ್ಲಿ ಮಳವಳ್ಳಿಯವರೆಗೂ ಯೋಚಿಸಿದೆ, ತಿಳಿಯಲಿಲ್ಲ. ನೀನು ಏನು ಕೇಳಿದೆ? ಅವಳು ಏನು ಹೇಳಿದಳು?

ಅಪ್ಪ


ಮಂಡ್ಯ
10 ಡಿಸೆಂಬರ್ 2024

ಅಪ್ಪನಿಗೆ,

ನಿನ್ನ ಹೆಸರಿನ ಕಾಗುಣಿತ ಸರಿಯಾಗಿದೆ. ಕಡತದ ಪುಟ 64.

ಬೋರಯ್ಯನವರು ಎಷ್ಟು ವರ್ಷ ಎಂದು ಕೇಳಿದರು. ಬೆಳ್ಳಮ್ಮ, "ನಂಗೊತ್ತಿಲ್ಲ ಸ್ವಾಮಿ" ಅಂದರು. ಟೈಪಿಸ್ಟು ಹೊಡೆದದ್ದನ್ನು ನೀನು ನೋಡಿದ ಒಂದೇ ಸಾಲು ಅದು.

ನಾನು ಕೇಳಿದ್ದು: "ಆ ದಾರೀಲಿ ಮೊದಲ ಸಲ ನಡೆದ ದಿನ ಏನೇನಾಯ್ತು, ಹೇಳಿ."

ಅವರು ಹೇಳಿದ್ದು: "ಮದ್ವೆಯಾಗಿ ಬಂದ ಮಾರ್ನೆ ದಿನ ನಮ್ಮತ್ತೆ ಕುಡ್ಲು ಕೊಟ್ಟು ಉಲ್ಲಿಗೆ ಕಳ್ಸಿದ್ರು ಸ್ವಾಮಿ. ಬದಿನ ಮೇಲೆ ಒಂಗೆ ಮರ ಐತಲ್ಲ, ಅದ್ಕೆ ಸೀರೆ ಜೋಲಿ ಕಟ್ಟಿ ಕೂಸು ಮಲಗ್ಸಿದ್ರು. ಅಳ್ತಿತ್ತು. ಅದ್ರವ್ವ ಮಂಗಳಮ್ಮ ಗದ್ದೇಲಿ ನಾಟಿ ಆಕ್ತಿದ್ಲು. 'ಓಗ್ತಾ ಒಸಿ ತೂಗ್ಬುಟ್ಟು ಓಗವ್ವ' ಅಂದ್ಲು. ತೂಗ್ದೆ. ಓಗೋವಾಗ್ಲೂ ಬರೋವಾಗ್ಲೂ ದಿನಾ ತೂಗ್ತಿದ್ದೆ. ಆ ಕೂಸೇ ಸ್ವಾಮಿ, ಅಲ್ಲಿ ಬಾಗ್ಲತ್ರ ನಿಂತವ್ನಲ್ಲ, ಸಿವರಾಜು."

ನ್ಯಾಯಾಧೀಶರು ಬೆರಳಿಟ್ಟದ್ದು ಶಿವರಾಜು ತಾನೇ ಸಹಿ ಮಾಡಿ ಕೊಟ್ಟ ಹೇಳಿಕೆಯ ಮೊದಲ ಪುಟದ ಮೇಲೆ. ಅಲ್ಲಿ ಅವನ ವಯಸ್ಸು ಮೂವತ್ತಾರು ಎಂದಿದೆ.

ನಾನು ಹೇಳಿಕೊಟ್ಟ ಮೂವತ್ತೆರಡು ತಪ್ಪು. ಮದುವೆಯಾಗಿ ನಾಲ್ಕು ವರ್ಷ ಅವರಿಗೆ ಮಕ್ಕಳಾಗಿರಲಿಲ್ಲವಂತೆ, ಅಂದರೆ ಮೂವತ್ತೈದು. ನಾನು ಟಿ.ಸಿ. ನೋಡಿದ್ದೆ, ಅವರನ್ನು ಕೇಳಿರಲಿಲ್ಲ. ಅಫಿಡವಿಟ್ಟಿನಲ್ಲಿ ಒಂದು, ಬಾಯಲ್ಲಿ ಒಂದು ಎಂದು ಬೋರಯ್ಯನವರು ವಾದ ಮಾಡುತ್ತಾರೆ, ಮಾಡಲೇಬೇಕು. ತೀರ್ಪಿಗೆ ಇನ್ನೂ ತಿಂಗಳುಗಳಿವೆ. ಸೋಮವಾರದಿಂದ ಕೋರ್ಟಿಗೆ ಬಾ ಎಂದಿದ್ದಾರೆ ಮೇಡಂ.

ಆ ದಿನ ಬೆಳ್ಳಮ್ಮನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋಗಿದ್ದೆ. ಗೆಜ್ಜಲಗೆರೆ ಕಡೆಯ ಬಸ್ಸು ಬಂತು. ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತರು. ಹಿಂದಿನವರು ತಳ್ಳುತ್ತಿದ್ದರು, ಕಂಡಕ್ಟರು ಬೈಯುತ್ತಿದ್ದ.

"ಅಲ್ಲ ಮಗ," ಅಂದರು, "ಆವತ್ತು ಆಫೀಸಲ್ಲೇ ಇಂಗೆ ಕೇಳಿದ್ರೆ ನಾನು ಏಳ್ತಿರ್ಲಿಲ್ವಾ?"

ನಿನ್ನ ಮಗಳು,
ಅರುಂಧತಿ